ಅಳಿಯನ ವಾಚು

ಕಮಲಾಪುರದಿಂದ ಕಲಬುರಗಿಗೆ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಹಳೆ ವಾಚು ಕೂಡಿಹಾಕುವ ಹುಚ್ಚರಿಬ್ಬರು ಕೂತಿದ್ದರು. ಗುಫ್ರಾನ್ ಕರವಸ್ತ್ರ ಬಿಚ್ಚಿ ಒಂದು ಎಚ್‌ಎಂಟಿ ತೋರಿಸಿದರು. ಶಿವಶರಣಪ್ಪ ಅದನ್ನು ಕಿವಿಗೆ ಹಿಡಿದರು, ಆಮೇಲೆ ತಿರುಗಿಸಿ ನೋಡಿದರು.

“ಗುಫ್ರಾನ್ ಭಾಯ್, ಇದರ ಹಿಂದ ‘ಅಳಿಯ ಶಿವಶರಣಪ್ಪನಿಗೆ’ ಅಂತ ಕೆತ್ತ್ಯಾರ. ಇದು ನಮ್ಮ ಮಾವ ಮದಿವ್ಯಾಗ ಕೊಟ್ಟ ವಾಚ್!”

“ಊರ ತುಂಬ ಶಿವಶರಣಪ್ಪಗೋಳೇ ಅದಾರ, ನಿಮ್ಮದೇ ಅಂತ ನನಗೇನ್ ಗೊತ್ತರೀ? ಜಗತ್ ಸರ್ಕಲ್‌ದಾಗ ರಿಪೇರಿಯವನ ಕಡೆ ತಗೊಂಡೆ. ಖೂಬಾ ಪ್ಲಾಟ್‌ದ ಒಬ್ಬ ಹೆಣ್ಮಗಳು ತಿಂಗಳಿಗೊಂದು ತಂದು ಮಾರ್ತಾಳಂತ.”

“ಖೂಬಾ ಪ್ಲಾಟ್‌ದಾಗ ನಮ್ಮ ಮನೀನೇ ಅದ.”

“ಅಂದ್ರ ನಿಮ್ಮ ಮನಿಯವರು, ಜಯದೇವಿ ಅಕ್ಕೋರಾ?”

“‘ನಿಮ್ಮ ವಾಚ್ ಹೆಚ್ಚಾಗಿ ನನ್ನ ಸೀರಿಗಿ ಕಪಾಟಿನ್ಯಾಗ ಜಾಗಾ ಇಲ್ಲ’ ಅಂತಿದ್ಲು.”

“ನೀವೂ ಆ ರಿಪೇರಿಯವನ ಕಡೆನೇ ತಗೋತೀರಲ್ಲ?”

“ಹೋದ ತಿಂಗಳ ತಗೊಂಡೆ. ನನ್ನ ಕಡೆ ಇದ್ದಂಥದ್ದೇ ಇನ್ನೊಂದು ಸಿಕ್ತು, ಜೋಡಿ ಆತು ಅಂತ.”

“ಮನ್ಯಾಗ ಎರಡೂ ಜೋಡಿಸಿಟ್ಟು ನೋಡೀರೇನು?”

ಅಷ್ಟರಲ್ಲಿ ಜಗತ್ ಸರ್ಕಲ್ ಬಂತು.

“ಸೀದಾ ಮನೀಗಿ ಹೋಗಿ ಕೇಳ್ರಿ,” ಎಂದರು ಗುಫ್ರಾನ್.

“ಮನೀ ಎಲ್ಲಿ ಓಡಿ ಹೋಗ್ತದ? ಏಳ್ರಿ, ಮೊದಲ ಅಂಗಡಿಗಿ ಹೋಗೂಣು. ಈ ತಿಂಗಳ ಏನ್ ಕೊಟ್ಟಾಳೋ, ಬ್ಯಾರೆಯವರು ಒಯ್ಯೂದ್ರಾಗ ನೋಡೂಣು.”

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಬ್ಬರೂ ಇಳಿದುಬಿಟ್ಟರು.