ಬರಿಗಾಲಿನ ಕಂಬಗಳು

ಅಮೆರಿಕದಲ್ಲಿ ಒಂದಾನೊಂದು ಊರು, ಅದರ ಹೆಸರು ರಿಚರ್ಡ್‌ಸನ್ ಅಂತೆ. ಅಲ್ಲಿ ಓಡುವ ರೈಲಿನಲ್ಲಿ ಪ್ರಭಾ ಎಂಬ ತಾಯಿ, ಮಗಳು ಅನಘಾ ಕಾಲೇಜಿಗಾಗಿ ರಟ್ಟಿನಲ್ಲಿ ಕಟ್ಟಿದ ಗ್ರೀಕ್ ದೇವಸ್ಥಾನದ ಮಾದರಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಪಕ್ಕದಲ್ಲೇ ಕೂತಿದ್ದಳು. ಕಂಬಗಳ ಬುಡಕ್ಕೆ ತಾನೇ ಸುತ್ತಿ ಅಂಟಿಸಿದ್ದ ರಟ್ಟಿನ ಪಟ್ಟಿಗಳನ್ನು ಕಾಲೇಜು ಬರುವುದರೊಳಗೆ ಕಿತ್ತುಕೊಡುವೆನೆಂದು ಮಾತು ಕೊಟ್ಟಿದ್ದಳು. ಎದುರು ಸೀಟಿನ ಹುಡುಗಿಗೆ ಕನ್ನಡ ಬರುತ್ತದೆಂದು ಇಬ್ಬರಿಗೂ ತಿಳಿದಿರಲಿಲ್ಲ. ಅವಳು ಕೇಳಿಸಿಕೊಂಡದ್ದು ಇಷ್ಟು.

“ಮೆತ್ತಗಮ್ಮಾ! ಕಂಬಾನೇ ಕಿತ್ತು ಬರುತ್ತೆ.”

“ನಂಗೇನು ಗೊತ್ತಿತ್ತು ಪುಟ್ಟಿ? ಪಾಪ, ಬರಿಗಾಲಲ್ಲಿ ನಿಂತಿದ್ವು. ಪೀಠ ಕಟ್ಟೋದು ಮರ್ತಿದ್ದೀಯ ಅಂದ್ಕೊಂಡೆ.”

“ಇದು ಗ್ರೀಕರ ಡೋರಿಕ್ ಶೈಲಿ, ಆ ಕಂಬ ನಿಲ್ಲೋದೇ ಹಾಗೆ. ಪೀಠ ಇಲ್ಲ ಅನ್ನೋದೇ ನನ್ನ ಇವತ್ತಿನ ಪ್ರೆಸೆಂಟೇಶನ್ನು!”

“ತಪ್ಪಾಯ್ತು. ರಾತ್ರಿ ನಿನ್ನ ಅಪಾರ್ಟ್‌ಮೆಂಟಿಗೆ ನಾನು ಬಂದಾಗ ನೀನು ಮಲಗಿದ್ದೆ, ಎಬ್ಬಿಸಿ ಕೇಳ್ಬೇಕಿತ್ತು.”

“ನೀನು ಯಾವತ್ತು ಕೇಳಿದ್ದೀಯ? ಅಲೆನ್ ಊರಿನ ನಮ್ಮ ಮನೆ ಬಿಟ್ಟು ನಾನು ಅಪಾರ್ಟ್‌ಮೆಂಟಿಗೆ ಬಂದಿದ್ದೇ ಅದಕ್ಕೆ.”

ಪ್ರಭಾಳ ಉಗುರು ಪಟ್ಟಿಯ ಮೇಲೆಯೇ ನಿಂತಿತು.

“ಟ್ರಾಫಿಕ್ ಕಾಟಕ್ಕೆ ಅಂತ ನೀನು ಹೇಳಿದ್ದೆ.”

“ಅಮ್ಮಾ... ಸಾರಿ. ಅಂಥಾ ಅರ್ಥದಲ್ಲಿ ಹೇಳ್ಲಿಲ್ಲ.”

“ಅದೇ ಅರ್ಥದಲ್ಲೇ ಹೇಳಿದ್ದು. ಇರ್ಲಿ ಬಿಡು, ನಿಜ ತಾನೆ.”

ರೈಲು ನಿಧಾನವಾಯಿತು. ಒಂದು ಪಟ್ಟಿ ಮಾತ್ರ ಬಾಕಿಯಿತ್ತು.

“ಕೊಡು, ನಾನು ಕೀಳ್ತೀನಿ.”

“ಬೇಡ. ಅಂಟಿಸಿದವಳು ನಾನು.”

ಪಟ್ಟಿ ಬಿಟ್ಟುಕೊಂಡಿತು, ಕಂಬ ಅಲುಗಲಿಲ್ಲ. ಬಾಗಿಲು ತೆರೆದಾಗ ಅನಘಾ ದೇವಸ್ಥಾನವನ್ನು ಎತ್ತಿಕೊಂಡಳು. ಪ್ರಭಾ ತಾನು ಚಾಚಿದ ಕೈಯನ್ನು ಅರ್ಧಕ್ಕೇ ತಡೆದುಕೊಂಡಳು.

“ಒಂದು ಕಡೆ ನಾನು ಹಿಡ್ಕೊಳ್ಳಲಾ?”

“ಹಿಡ್ಕೊ, ಅಮ್ಮಾ.”

ಇಬ್ಬರೂ ಅಡ್ಡಡ್ಡವಾಗಿ ಹೆಜ್ಜೆಯಿಡುತ್ತಾ ಇಳಿದುಹೋದರು.