ಅಮರಪ್ಪನ ಕಿವಿಕೋಲು

ಇದು ನಮ್ಮ ಪಕ್ಕದ ಮನೆ ಯಮುನಾಗೇ ಆದದ್ದು. ನಗುವವರು ಈಗಲೇ ನಕ್ಕುಬಿಡಿ... ಆಮೇಲೆ ಆಗುವುದಿಲ್ಲ.

ರಾತ್ರಿ ಹತ್ತೂವರೆ. ಪೀಣ್ಯದ ಸಣ್ಣ ಸೆರಾಮಿಕ್ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ, ಆಲದ ಮರದ ಪಕ್ಕದ ಪಾಳುಬಾವಿ ದಾಟಿ ಮನೆಗೆ ಹೊರಟಿದ್ದಳು. ಕಾಲು ಮುಂದಕ್ಕೆ, ಮನಸ್ಸೆಲ್ಲ ಹಿಂದಕ್ಕೆ. ಫ್ಯಾಕ್ಟರಿಯೊಳಗೆ ಪುಡಿ ಅರೆಯುವ ಮಿಲ್ ಇನ್ನೂ ಓಡುತ್ತಿತ್ತು. ಮಧ್ಯಾಹ್ನ ಒಂದೂವರೆಗೆ ಶುರು ಮಾಡಿ, ಹನ್ನೆರಡು ಗಂಟೆ ಅರೆದು ತಾನೇ ನಿಲ್ಲುವಂತೆ ಟೈಮರ್ ಇಟ್ಟಿದ್ದಳು.

ಸೆರಾಮಿಕ್ ಮಾಲು ಮಾಡುವ ಜಿರ್ಕೋನಿಯಾ ಪುಡಿಯ ಗುಣವೇ ವಿಚಿತ್ರ. ಪೀಪಾಯಿಯಲ್ಲಿ ಗುಂಡುಗಳ ಜತೆ ಉರುಳಿಸಿ ಅರೆದಷ್ಟೂ ನುಣ್ಣಗಾಗುತ್ತದೆ, ನಿಜ. ಆದರೆ ಅತಿಯಾದರೆ, ಏಟು ತಿಂದು ತಿಂದು ಒಳಗಿನ ಹರಳೇ ರೂಪ ಬದಲಿಸಿಬಿಡುತ್ತದೆ. ಕಣ್ಣಿಗೆ ಅದೇ ಬಿಳಿ. ಅದರಿಂದ ಮಾಡಿ ಸುಟ್ಟ ಮಾಲು ಫರ್ನೇಸಿನಲ್ಲಿ ಆರುವಾಗ ಮಾತ್ರ ಟಪ್... ಟಪ್... ಎಂದು ಬಿರಿಯುತ್ತದೆ. ಮಿಲ್ಲಿನ ಹಳೇ ಆಪರೇಟರ್ ಅಮರಪ್ಪ ತೀರಿಕೊಂಡ ಮೇಲೆ ಮೂರು ಸಲ ಹಾಗಾಗಿತ್ತು.

“ಇನ್ನೊಂದ್ಸಲ ಆದ್ರೆ ನೀನು ಮನೇಲೇ ಇದ್ಬಿಡಮ್ಮ,” ಎಂದಿದ್ದರು ಓನರ್.

ಅಮರಪ್ಪ ಇದ್ದಾಗ ಹಾಗಾಗುತ್ತಿರಲಿಲ್ಲ. ಗಡಿಯಾರ ನೋಡಿದವರೇ ಅಲ್ಲ. ಬಿದಿರು ಕೋಲಿನ ಒಂದು ತುದಿ ಮಿಲ್ಲಿಗೆ, ಇನ್ನೊಂದು ಕಿವಿಗೆ ಒತ್ತಿ, “ಸದ್ದು ತಿರುಗ್ತು, ನಿಲ್ಸಿ” ಎನ್ನುತ್ತಿದ್ದರು. ಎಲ್ಲರೂ ಅದನ್ನು ಕಿವಿಕೋಲು ಎಂದು ರೇಗಿಸುತ್ತಿದ್ದರು.

ಬಾವಿ ಹತ್ತಿರ... ಗರ್ರ್... ಗರ್ರ್...

ಯಮುನಾ ನಿಂತಳು. ಮಿಲ್ಲಿನದೇ ಸದ್ದು. ಬಾವಿಯೊಳಗಿಂದ! ಕೇಳುತ್ತ ಕೇಳುತ್ತ ಗರ್ರ್ ಹೋಗಿ ಸರ್ರ್ ಆಯಿತು... ಮರಳು ಜಾರಿದ ಹಾಗೆ, ತೆಳ್ಳಗೆ.

ಕಿವಿಯ ಪಕ್ಕದಲ್ಲೇ ಪಿಸುಮಾತು.

“ಗುಂಡು ಹೊಸದು ಕಣವ್ವಾ... ಟೈಮು ಹಳೇದು.”

“ಅ... ಅಮರಪ್ಪಣ್ಣ?”

“ನಿಲ್ಸು.”

ಹೌದಲ್ಲ! ಅಮರಪ್ಪ ಹೋದ ಮೇಲೆ ಮಿಲ್ಲಿಗೆ ಭಾರದ ಗುಂಡು ಹಾಕಿದ್ದರು. ಏಟು ಜೋರು, ಅರೆತ ಬೇಗ. ಗೋಡೆಯ ಚೀಟಿಯಲ್ಲಿ ಮಾತ್ರ ಅದೇ ಹನ್ನೆರಡು ಗಂಟೆ. ಒಬ್ಬರಿಗೂ ಹೊಳೆದಿರಲಿಲ್ಲ.

ಎದ್ದೆನೋ ಬಿದ್ದೆನೋ ಎಂದು ವಾಪಸ್ ಓಡಿದಳು. ವಾಚ್‌ಮನ್ ಶ್ಯಾಮಣ್ಣ “ಯಾಕಮ್ಮಾ?” ಅನ್ನುವಷ್ಟರಲ್ಲಿ ಒಳಗಿದ್ದಳು. ಮಿಲ್ ಸರ್ರ್... ಸರ್ರ್... ಅನ್ನುತ್ತಿತ್ತು. ಓನರನ್ನು ಕೇಳಲಿಲ್ಲ. ಕೆಂಪು ಬಟನ್ ಒತ್ತಿಯೇಬಿಟ್ಟಳು.

ಟಕ್.

“ಇದನ್ನ ಎಲ್ಲಿಂದ ತಂದೆ?” ಹಿಂದೆ ಬಂದ ಶ್ಯಾಮಣ್ಣ ಬೆರಳು ತೋರಿಸಿದ.

ಮಿಲ್ಲಿಗೆ ಒರಗಿ ನಿಂತಿತ್ತು... ಬಿದಿರು ಕೋಲು.

“ನಾನೇ ಅವರ ಚಿತೆ ಮೇಲೆ ಇಟ್ಟಿದ್ನಲ್ಲಮ್ಮಾ...”

ಆ ಮಾಲಿನಲ್ಲಿ ಒಂದೂ ಬಿರಿಯಲಿಲ್ಲ. ಯಮುನಾಳ ಕೆಲಸ ಉಳಿಯಿತು. ಚೀಟಿಯಲ್ಲಿ ಈಗ ಒಂಬತ್ತು ಗಂಟೆ ಎಂದಿದೆ.

ಕೋಲು ಇನ್ನೂ ಅಲ್ಲೇ ಇದೆ. ಸುಳ್ಳಲ್ಲ... ನಾನೇ ಹೋಗಿ ಮುಟ್ಟಿದ್ದೇನೆ. ಮಿಲ್ಲಿಗೆ ತಾಗುವ ತುದಿ ತಣ್ಣಗಿತ್ತು. ಕಿವಿಗೆ ತಾಗುವ ತುದಿ ಬೆಚ್ಚಗಿತ್ತು.