ಎಲ್ಲರೆದುರಿನ ಮೂಲೆ

ಅಮೆರಿಕದ ಅಯೋವಾ ರಾಜ್ಯದ ನಮ್ಮೂರಿನಲ್ಲಿ ನಮ್ಮ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಗುಟ್ಟಿನ ಚೀಟಿಯಿಲ್ಲ. ಶಾಲೆಯ ಆಟದ ಕೋಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ; ನಮಗೆ ಬೇಕಾದವರ ಮೂಲೆಗೆ ಎಲ್ಲರೆದುರೇ ಹೋಗಿ ನಿಲ್ಲಬೇಕು. ಈ ಸಲ ಕಣದಲ್ಲಿ ಮುಖ್ಯವಾಗಿ ಒಬ್ಬ ಗವರ್ನರ್, ಒಬ್ಬ ಮಹಿಳಾ ಸೆನೆಟರ್. ಹೊರಗೆ ಹಿಮದಲ್ಲಿ ಸಾಲು ನಿಂತಿದ್ದೆವು. ನನ್ನ ಮುಂದೆ ಹಂದಿಮಾಂಸದ ಕಾರ್ಖಾನೆಯಲ್ಲಿ ದುಡಿಯುವ ಡೊರೀನ್, ಅವಳ ಅಕ್ಕ ಮಾರ್ಲಿಸ್.

"ಗವರ್ನರ್ ಎಷ್ಟು ಚೆನ್ನಾಗಿ ಮಾತಾಡ್ತಾನೆ ಕಣೇ," ಎಂದಳು ಮಾರ್ಲಿಸ್.

"ಔಷಧಿ ಬೆಲೆ ಕೇಳಿದ್ರೆ ಮಾತ್ರ ಕೆಮ್ಮು ಬರುತ್ತೆ ಅವನಿಗೆ."

"ನಿನ್ನ ಸೆನೆಟರಮ್ಮ? ಸೋಯಾ ಹೊಲ ತೋರಿಸಿ ಜೋಳ ಅಂದೋಳು!"

"ಅನ್ಲಿ ಬಿಡು. ಇನ್ಸುಲಿನ್ ಅಗ್ಗ ಮಾಡ್ತೀನಿ ಅಂದೋಳು ಅವಳೊಬ್ಳೇ. ನನ್ನ ಮಗಳು ಅರ್ಧರ್ಧ ಚುಚ್ಕೋತಿದಾಳೆ ಅಕ್ಕ."

"ಮೆಲ್ಲಗೆ! ಕಿಟಕೀಲಿ ನೋಡು, ನಿನ್ನ ಕಾರ್ಖಾನೆ ಸೂಪರ್‌ವೈಸರ್ ಆಗ್ಲೇ ಗವರ್ನರ್ ಮೂಲೇಲಿ ನಿಂತಿದಾನೆ."

"ಗೊತ್ತು. 'ಯಾರು ಎಲ್ಲಿ ನಿಲ್ತೀರ ನೋಡ್ತೀನಿ' ಅಂದಿದಾನೆ."

"ಮನೆಗೆ ಹೋಗೋಣ ನಡಿ. ಕೆಲಸನಾದ್ರೂ ಉಳಿಯುತ್ತೆ."

"ಮಗಳು?"

ಮಾರ್ಲಿಸ್ ತಂಗಿಯ ಮುಂದೆ ಬಂದು ನಿಂತಳು.

"ನನ್ನ ಬೆನ್ನು ಅಗಲ. ಹಿಂದೆ ನಿಂತ್ಕೋ."

"ಎಣಿಸೋವಾಗ ಕೈ ಎತ್ಬೇಕಲ್ಲ?"

"ಎತ್ತು. ಪಕ್ಕದಲ್ಲಿ ನಂದೂ ಇರುತ್ತೆ."

"ನೀನು ಗವರ್ನರ್ ಕಡೆಯೋಳಲ್ವಾ ಅಕ್ಕ?"

"ಈ ಬಾಗಿಲ ತನಕ."

ಇಬ್ಬರೂ ಕೈ ಹಿಡಿದುಕೊಂಡು ಒಳಗೆ ಹೋದರು. ನಾನು ದೇವರನ್ನು ನೆನೆದು, ಆ ಅಕ್ಕತಂಗಿಯರಿಗೆ ಗೌರವವಾಗಿ ಟೋಪಿ ತೆಗೆದೆ.